ಲೈಬ್ರರಿ ಉಪನ್ಯಾಸ, ಹಳೇ ಕ್ಯಾಸೆಟ್ ಪಾಡ್‌ಕಾಸ್ಟ್ ಮಾಡಬೇಕಂದ್ರ ಹೆಂಗ್ರಿ?

ಗುಮ್ಮಟದ ಓದುಗ (ವಿಜಯಪುರ)

ಎಲ್ಲಾರಿಗೂ ನಮಸ್ಕಾರ್ರಿ. ನಾವು ಇಲ್ಲಿ ಒಂದು ಲೈಬ್ರರಿ ಜೋಡಿ ಸೇರಿ ಓದುಗರ ಬಳಗ ನಡಸ್ತೀವಿ, ತಿಂಗಳಿಗೊಂದು ಉಪನ್ಯಾಸ ಇರ್ತದ, ವಚನ, ಆದಿಲ್‌ಶಾಹಿ ಇತಿಹಾಸ, ದ್ರಾಕ್ಷಿ ಬೆಳಿ, ಒಮ್ಮೊಮ್ಮೆ ಹೊಸಾ ಪುಸ್ತಕದ ಮ್ಯಾಲ ಚರ್ಚಾ. ಬರವ್ರು ಮೂವತ್ತು ನಲವತ್ತು ಮಂದಿ, ಅದೂ ಅವ್ರೇ ಅವ್ರೇ, ರಿಟೈರ್ಡ್ ಮಾಸ್ತರ್ರು, ಪೆನ್ಶನ್‌ದವ್ರು. ಅದೇ ಬಿಲ್ಡಿಂಗ್‌ನ್ಯಾಗ ಮ್ಯಾಲಿನ ರೀಡಿಂಗ್ ಹಾಲ್ ನೋಡಿದ್ರ ಕಾಲಿಡ್ಲಿಕ್ಕ ಜಾಗ ಇರೂದಿಲ್ಲ, ಪಿಎಸ್‌ಐ, ಎಫ್‌ಡಿಎ, ಕೆಎಎಸ್ ಅಂತ ಹುಡುಗೂರು ಮುಂಜಾನಿಂದ ಸಂಜಿತನಾ ಕುಂತಿರ್ತಾರ, ಕಿವ್ಯಾಗ ಇಯರ್‌ಫೋನ್, ಕೆಳಗ ಯಾರ ಮಾತಾಡ್ಲಿಕತ್ತಾರ ಅನ್ನೂದೇ ಅವ್ರಿಗೆ ಗೊತ್ತಿರೂದಿಲ್ಲ.

ಉಪನ್ಯಾಸ ಎಲ್ಲಾ ಮೊಬೈಲ್‌ನ್ಯಾಗ ರೆಕಾರ್ಡ್ ಮಾಡಿ ಇಟ್ಟೀವಿ. ಕೆಲವು ಯೂಟ್ಯೂಬಿಗೂ ಹಾಕೀವಿ, ಆದ್ರ ನೋಡಿದವ್ರು ನಮ್ಮ ಬಳಗದವ್ರೇ, ಅವ್ರು ಹ್ಯಾಂಗೂ ಹಾಲ್‌ನ್ಯಾಗ ಇದ್ದವ್ರೇ. ಹೊರಗಿನ ದೇಶದಾಗ ಲೈಬ್ರರಿಗಳು ಇಂಥಾ ಮಾತು ಪಾಡ್‌ಕಾಸ್ಟ್ ಮಾಡ್ತಾವ, ತಮ್ಮ ಹತ್ರ ಇರೂ ಹಳೇ ಪುಸ್ತಕ, ಪತ್ರ, ರೆಕಾರ್ಡಿಂಗ್ ಸುದ್ದಾ ಕೇಳಸ್ತಾವ ಅಂತ ಓದಿದ್ದೆ. ನಮ್ಮಂಥಾ ಸಣ್ಣ ಲೈಬ್ರರಿಗೂ ಆಗ್ತದೇನ್ರಿ? ಯೂಟ್ಯೂಬಿಗೂ ಪಾಡ್‌ಕಾಸ್ಟಿಗೂ ಏನ್ ಫರಕ್? ರೊಕ್ಕ ಎಷ್ಟ್ ಬೇಕಾಗ್ತದ? ಮಾತಾಡಿದವ್ರ ಪರ್ಮಿಶನ್ ಮತ್ತ ತಗೋಬೇಕೋ ಏನು?

ಇನ್ನೊಂದು, ಒಬ್ಬ ಹಿರೇರು ತೀರಿಹೋದ ಮ್ಯಾಲ ಅವ್ರ ಮನಿಯವ್ರು ಎರಡು ಟ್ರಂಕ್ ಕ್ಯಾಸೆಟ್ ತಂದು ಲೈಬ್ರರಿಗೆ ಕೊಟ್ಟಾರ. ಪ್ರವಚನ, ಭಜನಿ ಪದ, ಕವಿಗೋಷ್ಠಿ, ಮತ್ತ ಏನೇನೋ. ಲೇಬಲ್ ಅರ್ಧಕ್ಕರ್ಧ ಅಳಿಸಿಹೋಗ್ಯಾವ. ಅವನ್ನ ಏನ್ ಮಾಡೂದು ಅದೂ ಹೇಳ್ರಿ 🙏

ನಾಟಕದ ಮೈಕ್ (ಗುಳೇದಗುಡ್ಡ)

ಆಗತೈತ್ರಿ ಸರ್, ಯಾಕ ಆಗೂದಿಲ್ಲ. ನಾ ಕಂಪನಿ ನಾಟಕ, ಪಾರಿಜಾತದ ಆಟಕ್ಕ ಸೌಂಡ್ ಹಾಕಾವ, ಲೈಬ್ರರಿ ಬಗ್ಗಿ ನಂಗೊತ್ತಿಲ್ಲ, ದನಿ ಬಗ್ಗಿ ಹೇಳ್ತೀನಿ.

ಮೊದಲ ಆ ಫರಕ್. ಯೂಟ್ಯೂಬ್ ಅಂದ್ರ ನಿಮ್ಮ ವಿಡಿಯೋ ಅವ್ರ ಅಂಗಳದಾಗ ಇರತೈತಿ, ನೋಡಾವ ಅಲ್ಲೇ ಬಂದು ನೋಡಬೇಕು, ರೊಕ್ಕ ಕಟ್ಟಿ ಪ್ರೀಮಿಯಂ ತಗೊಂಡಿರಲಿಲ್ಲಂದ್ರ ಸ್ಕ್ರೀನ್ ಬಂದ್ ಮಾಡಿದ ಕೂಡ್ಲೆ ದನೀನೂ ಬಂದ್. ಪಾಡ್‌ಕಾಸ್ಟ್ ಹಂಗಲ್ಲ, ನೀವು ಆಡಿಯೋ ಫೈಲ್ ಒಂದ್ ಕಡೆ ಇಡ್ತೀರಿ, ಅದರ ಜೋಡಿ ಫೀಡ್ ಅಂತ ಒಂದು ಪಟ್ಟಿ ಇರತೈತಿ, ಯಾವ ಕಂತು, ಏನ್ ಹೆಸರು, ಫೈಲ್ ಎಲ್ಲೈತಿ ಅಂತ. ಸ್ಪಾಟಿಫೈ, ಆ್ಯಪಲ್, ಇನ್ನೂ ಹತ್ತಾರು ಆ್ಯಪ್ ಆ ಪಟ್ಟೀನ ಓದಿ ಕೇಳವ್ರಿಗೆ ಮುಟ್ಟಸ್ತಾವ. ವೈಫೈ ಇದ್ದಾಗ ಇಳಿಸ್ಕೊಂಡು ಆಮ್ಯಾಲ ನೆಟ್ ಇಲ್ಲದಾಗ ಕೇಳಬಹುದು, ಮೊಬೈಲ್ ಕಿಸೇದಾಗ ಇಟ್ಟು ಬಸ್ಸಿನ್ಯಾಗ ಹೋಗ್ತಾ, ಹೊಲದಾಗ ನೀರ್ ಹಾಯಿಸ್ತಾ ಕೇಳಬಹುದು. ನಮ್ಮ ಕಡಿ ಮಂದಿಗೆ ಇದಽ ದೊಡ್ಡ ಲಾಭ.

ಆ ಫೀಡ್ ನಿಮ್ಮ ಕೈಯಾಗ ಇರಬೇಕು ನೋಡ್ರಿ. ಗೂಗಲ್ ಪಾಡ್‌ಕಾಸ್ಟ್ ಆ್ಯಪ್ 2024ರಾಗ ಬಂದ್ ಆತು, ಅಷ್ಟು ದೊಡ್ಡ ಕಂಪನಿದಽ ಬಂದ್ ಆತು. ಫೀಡ್ ತಮ್ಮ ಕೈಯಾಗ ಇದ್ದವ್ರಿಗೆ ಏನೂ ಆಗಲಿಲ್ಲ, ಕೇಳವ್ರು ಬ್ಯಾರೆ ಆ್ಯಪಿಗೆ ಹೋದ್ರು ಅಷ್ಟಽ. ಅದಕ್ಕ ಯಾವ ಹೋಸ್ಟಿಂಗ್ (ಫೈಲ್ ಮತ್ತ ಫೀಡ್ ಇಡೂ ಜಾಗಾ) ತಗೊಂಡ್ರೂ ಮುಂದ ಬ್ಯಾರೆ ಕಡೆ ಹೋಗಬೇಕಂದ್ರ ಫೀಡ್ ತಿರುಗಿಸಾಕ ಬರತೈತೇನು ಅಂತ ಮೊದಲ ನೋಡ್ರಿ. ಸ್ಪಾಟಿಫೈದವ್ರದು ಪುಕ್ಕಟ ಹೋಸ್ಟಿಂಗ್ ಐತಿ, ಶುರು ಮಾಡಾಕ ಅದು ಸಾಕು. ಫೀಡಿನ್ಯಾಗ ಒಂದು ಇಮೇಲ್ ಕಾಣತೈತಿ, ಅದು ಯಾರದೋ ಸ್ವಂತದ್ದು ಕೊಡಬ್ಯಾಡ್ರಿ, ಲೈಬ್ರರಿದು ಕೊಡ್ರಿ, ಇಲ್ಲಂದ್ರ ಆ ಮನಷ್ಯಾ ಬಿಟ್ಟು ಹೋದ್ರ ಎಲ್ಲಾ ಸಿಕ್ಕೊಂಡ್ ಬೀಳತೈತಿ. ಫೈಲ್‌ಗಳ ಇನ್ನೊಂದು ಪ್ರತಿ ಇಂಟರ್‌ನೆಟ್ ಆರ್ಕೈವ್ ಅನ್ನೂ ಆನ್‌ಲೈನ್ ಲೈಬ್ರರಿಗೆ ಏರಿಸ್ರಿ, ಅದೂ ಪುಕ್ಕಟ. ಮತ್ತ ಅದನ್ನೂ ಪೂರಾ ನಂಬಬ್ಯಾಡ್ರಿ, 2024ರ ಅಕ್ಟೋಬರ್‌ನ್ಯಾಗ ಅವ್ರ ಮ್ಯಾಲ ಸೈಬರ್ ದಾಳಿ ಆಗಿ ಕೆಲವು ದಿನ ಬಾಗಲಾ ಹಾಕಿತ್ತು. ಒಂದು ಹಾರ್ಡ್‌ಡಿಸ್ಕ್ ಲೈಬ್ರರಿಯಾಗ, ಒಂದು ಬ್ಯಾರೆ ಮನಿಯಾಗ, ಹಂಗಿರ್ಲಿ.

ಈಗ ದನಿ. ನಿಮ್ಮ ರೆಕಾರ್ಡಿಂಗ್ ನಾ ಕೇಳಿಲ್ಲ, ಆದ್ರ ಹೆಂಗಿರತೈತಿ ಅಂತ ಗೊತ್ತೈತಿ 😄 ಮೊಬೈಲ್ ಮುಂದಿನ ಟೇಬಲ್ ಮ್ಯಾಲ, ಮ್ಯಾಲ ಫ್ಯಾನ್ ಗರಗರ, ಮಾತಾಡವ್ರು ದೂರದಾಗ. ಎಷ್ಟ್ ತುಟ್ಟಿ ಮೈಕ್ ತಂದ್ರೂ ಅದು ಬಾಯಿಂದ ದೂರ ಇತ್ತಂದ್ರ ಏನೂ ಉಪಯೋಗಿಲ್ಲ. ಅಂಗಿಗೆ ಸಿಗಸೂ ಸಣ್ಣ ವೈರಿನ ಮೈಕ್ ಸಾವಿರ ರೂಪಾಯಿ ಒಳಗ ಬರತೈತಿ, ಅದನ್ನ ಹಚ್ಚಿ ಅವ್ರ ಮೊಬೈಲಿನ್ಯಾಗಽ ರೆಕಾರ್ಡ್ ಮಾಡಿ ಫ್ಲೈಟ್ ಮೋಡ್‌ಗೆ ಹಾಕ್ರಿ. ಹಾಲ್‌ನ್ಯಾಗ ಮಿಕ್ಸರ್ ಇದ್ರ ಅದರ ಔಟ್‌ಪುಟ್‌ನಿಂದ ಸೀದಾ ರೆಕಾರ್ಡರಿಗೆ ತಗೊಂಡ್ರ ಇನ್ನೂ ಚಲೋ. ಪ್ರಶ್ನಿ ಕೇಳವ್ರ ದನಿ ಎಂದೂ ಬರೂದಿಲ್ಲ, ಅದಕ್ಕ ಮಾತಾಡವ್ರು ಪ್ರಶ್ನೀನ ಒಮ್ಮೆ ತಾವಽ ಮೈಕಿನ್ಯಾಗ ಹೇಳಿ ಆಮ್ಯಾಲ ಉತ್ತರಾ ಕೊಡ್ಲಿ. ಬರೇ ಮಾತಿಗೆ ಸ್ಟೀರಿಯೋ ಬ್ಯಾಡ, ಮೋನೋ 64 ಕೆಬಿಪಿಎಸ್ ಎಂಪಿ3 ಸಾಕು, ಒಂದ್ ತಾಸಿನ ಮಾತು ಸುಮಾರು 29 ಎಂಬಿ ಆಗತೈತಿ, ಹಳ್ಳಿಯಾಗ ನೆಟ್ ಕಡಿಮಿ ಇದ್ದವ್ರೂ ಇಳಿಸ್ಕೋಬಹುದು. ಎಡಿಟಿಂಗಿಗೆ ಆಡಾಸಿಟಿ ಅಂತ ಪುಕ್ಕಟ ಸಾಫ್ಟ್‌ವೇರ್ ಐತಿ.

ಕಡೀದು ಒಂದು ಮಾತು, ಸಿಟ್ಟಾಗಬ್ಯಾಡ್ರಿ. ಸ್ವಾಗತ, ದೀಪಾ ಹಚ್ಚೂದು, ಪ್ರಾಸ್ತಾವಿಕ ನುಡಿ, ಶಾಲು ಹೊದಸೂದು, ವಂದನಾರ್ಪಣೆ ಇವೆಲ್ಲಾ ಕತ್ತರಸ್ರಿ. ಇಲ್ಲಂದ್ರ ಹತ್ತು ನಿಮಿಷ ಆದ್ರೂ ಮಾತಽ ಶುರು ಆಗಿರೂದಿಲ್ಲ, ಕೇಳಾವ ಬಿಟ್ಟು ಹೋಗಿರ್ತಾನ.

ಕಾರ್ಡ್ ಕ್ಯಾಟಲಾಗ್ (ಬೆಳಗಾವಿ)

ಮೈಕ್‌ನವರು ಹೇಳಿದ್ದು ಎಲ್ಲಾ ಖರೇ. ನಾನು ಕಾಲೇಜು ಲೈಬ್ರರಿಯೊಳಗ ಕೆಲಸ ಮಾಡಿ ನಿವೃತ್ತಿ ಆದಾಂವ, ಸ್ವಲ್ಪ ಬ್ಯಾರೆ ಬದಿಯಿಂದ ಹೇಳ್ತೀನಿ, ಉದ್ದ ಆದ್ರ ಕ್ಷಮಿಸ್ರಿ.

ಹೊರಗಿನ ಲೈಬ್ರರಿಗಳು ಇದನ್ನ ಎರಡು ಥರಾ ಮಾಡ್ತಾವ. ಒಂದು, ಹಾಲ್‌ನ್ಯಾಗಿನ ಮಾತು ಹೊರಗ ಮುಟ್ಟಸೂದು. ನ್ಯೂಯಾರ್ಕ್ ಪಬ್ಲಿಕ್ ಲೈಬ್ರರಿ ತನ್ನ ಲೇಖಕರ ಸಂವಾದಗಳನ್ನ ಹಿಂಗ ಬಿಡ್ತದ, ಫಿಲಡೆಲ್ಫಿಯಾದ ಫ್ರೀ ಲೈಬ್ರರಿಯವ್ರೂ ತಮ್ಮಲ್ಲಿ ಬಂದ ಲೇಖಕರ ಮಾತು ಹಾಕ್ಕೋತ ಬಂದಾರ, ಆಕ್ಸ್‌ಫರ್ಡಿನ ಬೋಡ್ಲಿಯನ್ ಲೈಬ್ರರಿ ಉಪನ್ಯಾಸಗಳೂ ಕೇಳ್ಲಿಕ್ಕೆ ಸಿಗ್ತಾವ. ನಮ್ಮ ರಾಜ್ಯದಾಗ ಬೆಂಗಳೂರು ಇಂಟರ್‌ನ್ಯಾಷನಲ್ ಸೆಂಟರ್ ಲೈಬ್ರರಿ ಅಲ್ಲದಿದ್ರೂ ತನ್ನ ಕಾರ್ಯಕ್ರಮದ ಮಾತು ಪಾಡ್‌ಕಾಸ್ಟ್ ಮಾಡ್ತದ. ಎರಡನೇ ಥರಾ, ಕಪಾಟಿನೊಳಗ ಇದ್ದದ್ದನ್ನ ಹೊರಗ ತಗದು ಅದರ ಕಥಿ ಹೇಳೂದು. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನ್ಯಾಗ ಫೋಕ್‌ಲೈಫ್ ಸೆಂಟರ್ ಅಂತ ಅದ, ಅಲ್ಲಿ ಕೆಲಸ ಮಾಡವ್ರೇ ಕುಂತು, ಹಿಂದಿನವ್ರು ಊರೂರು ಅಡ್ಡಾಡಿ ಮಾಡಿದ ಜಾನಪದ ರೆಕಾರ್ಡಿಂಗ್ ಒಂದೊಂದು ಹಚ್ಚಿ, ಇದು ಯಾರು ಹಾಡಿದ್ದು, ಎಲ್ಲಿ ಸಿಕ್ಕಿತು, ಇದರ ಇನ್ನೊಂದು ಪಾಠ ಹ್ಯಾಂಗ ಅದ ಅಂತ ಮಾತಾಡ್ತಾರ.

ನನ್ನ ಅಭಿಪ್ರಾಯ ಕೇಳಿದ್ರ ನಿಮ್ಮ ಶಕ್ತಿ ಎರಡನೇದಕ್ಕ ಹಾಕ್ರಿ. ನಿಮ್ಮಲ್ಲಿ ಈ ತಿಂಗಳು ಮಾತಾಡಿದ ಉಪನ್ಯಾಸಕರು ಮುಂದಿನ ತಿಂಗಳು ಜಮಖಂಡಿಯೊಳಗ ಅದೇ ಮಾತು ಆಡ್ತಾರ, ಅದರ ಮುಂದಿನ ತಿಂಗಳು ಗೋಕಾಕದಾಗ, ಮತ್ತ ಎಲ್ಲಾ ಕಡೆ ಯಾರರೆ ಯೂಟ್ಯೂಬಿಗೆ ಹಾಕೇ ಇರ್ತಾರ. ಆದ್ರ ನಿಮ್ಮ ಲೈಬ್ರರಿ ಕಪಾಟಿನ್ಯಾಗ ಇದ್ದ ಊರ ಸ್ಮರಣ ಸಂಚಿಕೆ, ಬಂದ್ ಬಿದ್ದ ವಾರಪತ್ರಿಕೆಯ ಬೈಂಡ್ ಮಾಡಿದ ಸಂಪುಟ, ಆ ಎರಡು ಟ್ರಂಕ್ ಕ್ಯಾಸೆಟ್, ಅವು ಬ್ಯಾರೆ ಯಾರ ಹತ್ರಾನೂ ಇಲ್ಲ.

ವಿಜಯಪುರದಾಗ ಕುಂತು ವಿಷಯಾ ಹುಡುಕೂದು ಯಾಕ? ಫ.ಗು. ಹಳಕಟ್ಟಿಯವ್ರು ನಿಮ್ಮೂರಿನ್ಯಾಗೇ ವಕೀಲಕಿ ಮಾಡ್ಕೋತ ವಚನದ ತಾಡೋಲೆ ಕೂಡಿಹಾಕಿ, ಮನಿ ಮಾರಿ ಪ್ರೆಸ್ ಹಾಕಿ, 1926ರಾಗ ಶಿವಾನುಭವ ಪತ್ರಿಕೆ ಶುರು ಮಾಡಿದವ್ರು. ಆ ಪತ್ರಿಕೆಯ ಒಂದು ಹಳೇ ಸಂಚಿಕೆ ನಿಮ್ಮಲ್ಲಿ ಇತ್ತಂದ್ರ ಅದನ್ನ ಮುಂದಿಟ್ಟುಕೊಂಡು ಇಪ್ಪತ್ತು ನಿಮಿಷ ಮಾತಾಡ್ರಿ. ಆ ಕಾಗದ ಎಂಥಾದ್ದು, ಜಾಹೀರಾತು ಯಾವುವು, ಚಂದಾ ಎಷ್ಟು ಬರದದ, ಯಾವ ವಚನಕ್ಕ ಅವ್ರು ಏನ್ ಟಿಪ್ಪಣಿ ಬರದಾರ. ಒಬ್ಬರು ಓದ್ಲಿ, ಒಬ್ಬರು ಕೇಳ್ಲಿ. ಅವ್ರು ತೀರಿಕೊಂಡದ್ದು 1964ರಾಗ, ಲೇಖಕರು ತೀರಿದ ಮ್ಯಾಲ 60 ವರ್ಷ ಹಕ್ಕು ಇರ್ತದ, ಅಂದ್ರ 2025ರ ಜನವರಿ 1ರಿಂದ ಅವ್ರ ಬರಹ ಎಲ್ಲಾರ ಸ್ವತ್ತು. ವಕೀಲರು ಯಾರರೆ ಇದ್ರ ಇದನ್ನ ಗಟ್ಟಿ ಮಾಡಿ ಹೇಳ್ರಿ.

ಇನ್ನ ಲೈಬ್ರರಿಯವ್ರು ಮಾಡಬೇಕಾದ ಖರೇ ಕೆಲಸ, ಅದು ಯಾರೂ ಮಾಡೂದಿಲ್ಲ. ‘ಉಪನ್ಯಾಸ ಮಾಲಿಕೆ ಭಾಗ 7’ ಅಂತ ಹೆಸರಿಟ್ಟು ಹಾಕಿದ್ರ ಅದು ಸಿಗೂದೂ ಇಲ್ಲ, ಕೇಳೂದೂ ಇಲ್ಲ. ಪ್ರತಿ ಕಂತಿನ ಕೆಳಗ ಯಾರು ಮಾತಾಡಿದ್ರು, ಯಾವ ದಿನ, ಯಾವ ಊರು, ಯಾವ ವಿಷಯ, ಮಾತಿನ್ಯಾಗ ಬಂದ ಊರು ಮತ್ತ ಮಂದಿ ಹೆಸರು, ಎಷ್ಟನೇ ನಿಮಿಷಕ್ಕ ಯಾವ ಮಾತು ಬರ್ತದ, ಇಷ್ಟು ಬರೀರಿ. ಅದರ ಜೋಡಿ ಆ ವಿಷಯದ ಮ್ಯಾಲ ನಿಮ್ಮ ಲೈಬ್ರರಿಯೊಳಗ ಇದ್ದ ಪುಸ್ತಕ ಮತ್ತ ಅವುಗಳ ನಂಬರ್ ಹಾಕ್ರಿ. ಕೇಳಿದಾಂವ ಬಂದು ಡ್ಯೂಯಿ (ಲೈಬ್ರರಿಯೊಳಗ ವಿಷಯದ ಪ್ರಕಾರ ಪುಸ್ತಕಕ್ಕ ಹಾಕೂ ನಂಬರ್) 894.814ರ ಕಪಾಟಿಗೆ ಸೀದಾ ಹೋಗಿ ಕನ್ನಡ ಸಾಹಿತ್ಯ ಹುಡುಕುವಂಗ ಆಗಬೇಕು. ಇದು ಇಲ್ಲಂದ್ರ ನೀವು ಮಾಡಿದ್ದು ಇನ್ನೊಂದು ಚಾನೆಲ್, ಲೈಬ್ರರಿ ಪಾಡ್‌ಕಾಸ್ಟ್ ಅಲ್ಲ. ಮತ್ತ ಆ ಆಡಿಯೋಕ್ಕೂ ನಿಮ್ಮ ಕ್ಯಾಟಲಾಗ್‌ನ್ಯಾಗ ಒಂದು ಎಂಟ್ರಿ ಇರ್ಲಿ, ಪುಸ್ತಕಕ್ಕ ಇದ್ದಂಗ.

ಸ್ವಂತ ಪ್ರತಿ ಇಟ್ಕೊಳ್ರಿ ಅಂತ ಮೈಕ್‌ನವರು ಹೇಳಿದ್ದಕ್ಕ ಒಂದು ಮಾತು ಸೇರಸ್ತೀನಿ. ಬ್ರಿಟಿಷ್ ಲೈಬ್ರರಿಯಂಥಾ ಲೈಬ್ರರಿ ಮ್ಯಾಲೇ 2023ರ ಅಕ್ಟೋಬರ್‌ನ್ಯಾಗ ಸೈಬರ್ ದಾಳಿ ಆಗಿ, ಆನ್‌ಲೈನ್ ಧ್ವನಿ ಸಂಗ್ರಹ ಸುದ್ದಾ ಎಷ್ಟೋ ಕಾಲ ಕೇಳ್ಲಿಕ್ಕೆ ಸಿಗದಂಗ ಆಗಿತ್ತು.

ಗುಮ್ಮಟದ ಓದುಗ (ವಿಜಯಪುರ)

ಬಾಳ ಉಪಕಾರ ಆತ್ರಿ ಇಬ್ಬರಿಗೂ. ಹಳಕಟ್ಟಿಯವ್ರ ಐಡಿಯಾ ಭಾರಿ ಅದ, ಜುಲೈ 2ಕ್ಕ ಅವ್ರ ಜಯಂತಿ ಬರ್ತದ, ಅವತ್ತೇ ಮೊದಲನೇ ಕಂತು ಬಿಡಬಹುದು.

ಆದ್ರ ಪರ್ಮಿಶನ್ ವಿಷಯ ಯಾರೂ ಹೇಳ್ಲಿಲ್ಲ. ನಮ್ಮ ಬಳಗದಾಗ ಒಬ್ಬರು, ನಮ್ಮ ಹಾಲು, ನಮ್ಮ ಮೈಕು, ನಾವೇ ಕರದು ಶಾಲು ಹೊದಿಸಿ ಗೌರವಧನ ಕೊಟ್ಟೀವಿ, ರೆಕಾರ್ಡಿಂಗ್ ನಮ್ದೇ, ಯಾರನ್ ಕೇಳೂದೇನ್ ಅದ ಅಂತಾರ. ಕ್ಯಾಸೆಟ್ ಟ್ರಂಕಿನ್ಯಾಗ ಸಿದ್ಧೇಶ್ವರ ಸ್ವಾಮಿಗಳ ಪ್ರವಚನ ಬಾಳ ಅವ, ಅವನ್ನ ಹಾಕಿದ್ರ ಇಡೀ ಜಿಲ್ಲಾ ಕೇಳ್ತದ, ಮೊದಲ ಅವೇ ಹಾಕೋಣ ಅಂತನೂ ಅದೇ ಮನಷ್ಯಾರ ವಾದ.

ಕರಿಕೋಟು (ಜಮಖಂಡಿ)

ವಕೀಲ ಅಂದದ್ದಕ್ಕ ಬಂದೆ. ಹಳಕಟ್ಟಿಯವರ ಲೆಕ್ಕ ಬರೋಬ್ಬರಿ ಐತಿ, ಬದುಕಿದ್ದಾಗ ಪ್ರಕಟ ಆದ ಬರಹಕ್ಕೆ ತೀರಿದ ಮುಂದಿನ ವರ್ಷದ ಆರಂಭದಿಂದ 60 ವರ್ಷ ಎಣಿಸಬೇಕು, ಹಂಗಾಗಿ 2024ಕ್ಕೆ ಮುಗೀತು. ಹಲಸಂಗಿ ಗೆಳೆಯರ (ಜಾನಪದ ಹಾಡು ಕೂಡಿಹಾಕಿದ ಬರಹಗಾರರ ಬಳಗ) ವಿಷಯಕ್ಕ ಕೈ ಹಾಕಿದ್ರ ಮಾತ್ರ ಹುಷಾರ್. ಮಧುರಚೆನ್ನರು 1953ರಾಗ ಹೋದ್ರು, ಅವರ ಬರಹ ಮುಕ್ತ. ಸಿಂಪಿ ಲಿಂಗಣ್ಣನವರು ಹೋದದ್ದು 1993ರಾಗ, ಅವರ ಬರಹಕ್ಕೆ 2053ರ ಕೊನೆತನಕ ಮನೆಯವರ ಒಪ್ಪಿಗಿ ಬೇಕು. ಒಂದೇ ಬಳಗ, ಒಂದೇ ಊರ ಕಡೆಯವರು, ಕಾನೂನು ಮಾತ್ರ ಬ್ಯಾರೆ ಬ್ಯಾರೆ ತಾರೀಖು ನೋಡತೈತಿ.

ಈಗ ನಿಮ್ಮ ಬಳಗದ ಆ ಹಿರಿಯರ ವಾದ. 1957ರ ಕಾಪಿರೈಟ್ ಕಾಯ್ದೆ 17ನೇ ಕಲಮಿನ್ಯಾಗ ಇದನ್ನ ಬಿಡಿಸಿ ಹೇಳ್ಯಾರ, ಸಾರ್ವಜನಿಕವಾಗಿ ಮಾಡಿದ ಭಾಷಣದ ಮೊದಲ ಹಕ್ಕುದಾರ ಭಾಷಣ ಮಾಡಿದವರೇ, ಅವರನ್ನ ಕರೆಸಿದವರು ಯಾರೇ ಇರಲಿ, ಹಾಲ್ ಯಾರದೇ ಇರಲಿ. ಶಾಲು ಹೊದಿಸಿದ್ದಕ್ಕ ಮಾತು ನಿಮ್ಮದಾಗೂದಿಲ್ಲ. ರೆಕಾರ್ಡಿಂಗ್ ಮಾಡಿದವರು ನೀವು, ಆ ಧ್ವನಿಮುದ್ರಿಕೆಯ ಹಕ್ಕು ನಿಮಗ ಇರತೈತಿ ಖರೇ, ಆದ್ರ ಅದರೊಳಗಿನ ಮಾತು ಅವರದು. ಎರಡೂ ಕೂಡಿದ್ರನಽ ಹೊರಗ ಬಿಡಾಕ ಬರೂದು. ಮತ್ತ ಅದೇ ಕಾಯ್ದೆಯಾಗ ಪ್ರದರ್ಶಕರು ಅಂದ್ರ ಯಾರು ಅಂತ ಒಂದು ಪಟ್ಟಿ ಐತಿ, ನಟ, ಗಾಯಕ, ದೊಂಬರಾಟದವ, ಹಾವಾಡಿಗ, ಅವರ ಸಾಲಿನ್ಯಾಗನಽ ಉಪನ್ಯಾಸ ಮಾಡುವವರು. ನಮ್ಮ ಕೆಲವು ಉಪನ್ಯಾಸಕರಿಗೆ ಇದನ್ನ ಓದಿ ಹೇಳಿದ್ರ ಖುಷಿ ಆಗ್ತಾರೋ ಇಲ್ಲೋ ಗೊತ್ತಿಲ್ಲ 😀

ಒಪ್ಪಿಗಿ ಬಾಯಿಮಾತಿನ್ಯಾಗ ಬ್ಯಾಡ, ಒಂದು ಹಾಳಿ ಕನ್ನಡದಾಗ ಬರಸಿ ಸಹಿ ಹಾಕಿಸ್ರಿ, ಮಾತಾಡೂಕಿಂತ ಮೊದಲೇ, ಚಹಾ ಕುಡಿಯುವಾಗ. ಇಲ್ಲಿ ಎರಡು ಮಾತು ಬರೀಲೇಬೇಕು. ಎಷ್ಟು ವರ್ಷಕ್ಕ ಅಂತ ಬರೀಲಿಲ್ಲಂದ್ರ ಕಾನೂನು ಅದನ್ನ 5 ವರ್ಷಕ್ಕ ಅಂತ ತಿಳಿತೈತಿ. ಎಲ್ಲಿಗೆ ಅಂತ ಬರೀಲಿಲ್ಲಂದ್ರ ಭಾರತಕ್ಕ ಮಾತ್ರ ಅಂತ ತಿಳಿತೈತಿ. ಪಾಡ್‌ಕಾಸ್ಟ್ ಅಂದ್ರ ದುಬೈಯಾಗ ಇದ್ದ ನಿಮ್ಮೂರ ಹುಡುಗನೂ ಕೇಳ್ತಾನ, ಅದಕ್ಕ ಹಕ್ಕಿನ ಪೂರ್ಣ ಅವಧಿಗೆ, ಜಗತ್ತಿನಾದ್ಯಂತ ಅಂತ ಹಾಕ್ರಿ. ಆಡಿಯೋ ಎಡಿಟ್ ಮಾಡಾಕ, ಬರಹಕ್ಕ ಇಳಸಾಕ, ಆರ್ಕೈವ್‌ನ್ಯಾಗ ಇಡಾಕ ಒಪ್ಪಿಗಿ ಐತಿ ಅಂತನೂ ಸೇರಸ್ರಿ, ಮತ್ತ ಮುಂದೆಂದಾದ್ರೂ ತಗೀರಿ ಅಂದ್ರ ಯಾರನ್ನ ಕೇಳಬೇಕು ಅಂತ ಬರೀರಿ. ಹಿಂದಿನ ಉಪನ್ಯಾಸಗಳಿಗೂ ಫೋನ್ ಮಾಡಿ ಹಾಳಿ ಕಳಿಸಿ ಸಹಿ ತರಸ್ರಿ, ಬಹಳಷ್ಟು ಮಂದಿ ಸಂತೋಷದಿಂದ ಕೊಡ್ತಾರ.

ಕ್ಯಾಸೆಟ್ಟಿಗೆ ಬಂದ್ರ, ಇಡೂದು ಬ್ಯಾರೆ, ಬಿಡೂದು ಬ್ಯಾರೆ. ವ್ಯಾಪಾರಕ್ಕಲ್ಲದ ಸಾರ್ವಜನಿಕ ಗ್ರಂಥಾಲಯ ತನ್ನಲ್ಲಿ ಈಗಾಗಲೇ ಇರುವ ಡಿಜಿಟಲ್ ಅಲ್ಲದ ಪ್ರತಿಯನ್ನ ಸಂರಕ್ಷಣೆಗಂತ ಡಿಜಿಟಲ್ ಮಾಡಿ ಇಟ್ಟುಕೊಳ್ಳಾಕ 52ನೇ ಕಲಮು ಅವಕಾಶ ಕೊಡತೈತಿ. ಅಂದ್ರ ಆ ಟ್ರಂಕಿನ ಕ್ಯಾಸೆಟ್ ಇವತ್ತೇ ಕಂಪ್ಯೂಟರಿಗೆ ಇಳಿಸ್ರಿ, ಯಾರೂ ಕೇಳೂದಿಲ್ಲ. ಹೊರಗ ಹಾಕಬೇಕಂದ್ರ ಮಾತ್ರ ಹಕ್ಕುದಾರರು ಬೇಕು. ಸಿದ್ಧೇಶ್ವರ ಸ್ವಾಮಿಗಳ ಪ್ರವಚನಕ್ಕ ಜ್ಞಾನಯೋಗಾಶ್ರಮ ನಿಮ್ಮೂರಿನ್ಯಾಗನಽ ಐತಿ, ಹೋಗಿ ಕೇಳ್ರಿ. ಅಂಗಡಿಯಾಗ ಮಾರಿದ ಭಜನಿ ಕ್ಯಾಸೆಟ್ ಇದ್ರ ಕಂಪನಿಗೆ ಪ್ರಕಟ ಆದ ವರ್ಷದ ಮುಂದ 60 ವರ್ಷ ಹಕ್ಕಿರತೈತಿ, ಅವುಗಳ ಆಸೆ ಬಿಡ್ರಿ. ಮತ್ತ ಕಂತಿನ ಮೊದಲಿಗೆ ಸಿನಿಮಾ ಹಾಡಿನ ತುಣುಕು ಹಾಕೂ ಹುಚ್ಚು ಎಲ್ಲಾರಿಗೂ ಇರತೈತಿ, ಬ್ಯಾಡ. ನಿಮ್ಮೂರ ಡೊಳ್ಳಿನವರನ್ನ ಕರದು ಹದಿನೈದು ಸೆಕೆಂಡ್ ಬಾರಿಸಿ ಅಂತ ಹೇಳಿ ಅವರ ಸಹಿ ತಗೊಳ್ರಿ.

ನವನಗರದ ಅಕ್ಕ (ಬಾಗಲಕೋಟೆ)

ಎಲ್ಲಾರೂ ಚಂದ ಹೇಳೀರಿ, ಆದ್ರ ಕ್ಯಾಟಲಾಗ್ ಸರ್ ಮಾತಿಗೆ ನಾ ಪೂರಾ ಒಪ್ಪಾಂಗಿಲ್ಲ. ಹಳೇ ಸಂಚಿಕೆ ಮುಂದಿಟ್ಟುಕೊಂಡು ಮಾತಾಡಿದ್ರ ಕೇಳವ್ರು ಮತ್ತ ಆ ನಲವತ್ತು ಮಂದೀನಽ. ಲೈಬ್ರರಿಗೆ ಎಂದೂ ಕಾಲಿಡದವ್ರ ದನಿ ಲೈಬ್ರರಿಯೊಳಗ ಹೆಂಗ ಬರಬೇಕು ಅದನ್ನೂ ಯೋಚನಿ ಮಾಡ್ರಿ.

ನಮ್ಮೂರ ಕಥಿ ಗೊತ್ತಲ್ಲಾ, ಆಲಮಟ್ಟಿ ಹಿನ್ನೀರು ಬಂತು, ಹಳೇ ಬಾಗಲಕೋಟೆ ಓಣಿ ಓಣೀನಽ ಎದ್ದು ನವನಗರದ ಸೆಕ್ಟರಿಗೆ ಬಂದ್ವು. ಯಾವ ಓಣಿಯಾಗ ಯಾರ ಅಂಗಡಿ ಇತ್ತು, ಯಾವ ಗುಡಿ ಮುಂದ ಹೋಳಿ ಹಲಗಿ ಬಾರಸ್ತಿದ್ರು, ಮನಿ ಬಿಡುವಾಗ ಬಾಗಲಾ ಚೌಕಟ್ಟು ಸುದ್ದಾ ಕಿತಗೊಂಡು ಟ್ರ್ಯಾಕ್ಟರಿಗೆ ಹಾಕಿದ್ದು, ಇದೆಲ್ಲಾ ಹೇಳವ್ರು ಈಗ ಎಪ್ಪತ್ತು ಎಂಬತ್ತರ ಮ್ಯಾಲ ಅದಾರ. ಸರಕಾರದ ಫೈಲಿನ್ಯಾಗ ಪರಿಹಾರದ ಲೆಕ್ಕ ಸಿಗತೈತಿ, ಇದು ಸಿಗೂದಿಲ್ಲ. ನಿಮ್ಮ ಜಿಲ್ಲಾದಾಗೂ ಮುಳುಗಡಿ ಹಳ್ಳಿ ಎಷ್ಟ್ ಅದಾವ.

ಅಮೆರಿಕದಾಗ ಸ್ಟೋರಿಕಾರ್ಪ್ಸ್ ಅಂತ 2003ರಾಗ ಶುರು ಆತು, ಮೊದಲ ನ್ಯೂಯಾರ್ಕಿನ ದೊಡ್ಡ ರೈಲ್ವೆ ಸ್ಟೇಷನ್ನಿನ್ಯಾಗ ಒಂದು ಸಣ್ಣ ಬೂತ್ ಇಟ್ಟಿದ್ರು. ಒಬ್ಬರಿಗೊಬ್ಬರು ಗೊತ್ತಿದ್ದ ಇಬ್ಬರು, ಅವ್ವ ಮಗಳು, ಗೆಳೆಯರು, ಒಳಗ ಕುಂತು 40 ನಿಮಿಷ ಮಾತಾಡೂದು. ಒಂದು ಪ್ರತಿ ಅವ್ರಿಗೆ, ಒಪ್ಪಿದ್ರ ಇನ್ನೊಂದು ಪ್ರತಿ ಅದಽ ಲೈಬ್ರರಿ ಆಫ್ ಕಾಂಗ್ರೆಸ್ಸಿನ ಫೋಕ್‌ಲೈಫ್ ಸೆಂಟರಿಗೆ. ಅದರಾಗಿನ ಕೆಲವು ತುಣುಕು ಪಾಡ್‌ಕಾಸ್ಟ್ ಆಗಿ ಬರ್ತಾವ. ನಮಗ ಬೂತ್ ಬ್ಯಾಡ, ಲೈಬ್ರರಿಯ ಪುಸ್ತಕದ ರೂಮಾದ್ರ ಸಾಕು, ಸುತ್ತಲೂ ಪುಸ್ತಕ ಇದ್ರ ದನಿ ಗುಂಯ್ ಅನ್ನೂದಿಲ್ಲ ಅಂತ ನಮ್ಮ ಹುಡುಗ ಹೇಳ್ತಾನ. ಮೊಮ್ಮಗಳು ಪ್ರಶ್ನಿ ಕೇಳ್ಲಿ, ಆಯಿ ಹೇಳ್ಲಿ. ಉಪನ್ಯಾಸಕರು ಕೇಳಿದ್ರ ಆಯಿ ಪುಸ್ತಕದ ಕನ್ನಡ ಮಾತಾಡಾಕ ಹೋಗ್ತಾಳ, ಮೊಮ್ಮಗಳ ಮುಂದ ಹಂಗ ಮಾಡೂದಿಲ್ಲ.

ಒಂದು ಎಚ್ಚರ ವಕೀಲ ಅಣ್ಣಾರ ಹೇಳಿಲ್ಲ. ಮಾತಿನ ಭರದಾಗ ಭಾವಕಿ ಜಗಳ, ಪರಿಹಾರದ ರೊಕ್ಕ ಯಾರ ತಿಂದ್ರು, ಯಾರ ಮಗ ಕುಡುದು ಕಳದ, ಇಂಥಾವು ಬರ್ತಾವ. ಸಹಿ ಇದ್ದ ಮಾತ್ರಕ್ಕ ಅದನ್ನ ಹಾಕಬಾರದು. ಎಡಿಟ್ ಆದ ಮ್ಯಾಲ ಅವ್ರ ಮನಿಗೆ ಹೋಗಿ ಕೇಳಿಸಿ, ಹೂಂ ಅಂದ ಮ್ಯಾಲ ಬಿಡಬೇಕು. ಪೂರ್ತಿದು ಲೈಬ್ರರಿಯೊಳಗ ಮುಚ್ಚಿ ಇರ್ಲಿ.

ಮತ್ತ ಸ್ಪಾಟಿಫೈ ಸ್ಪಾಟಿಫೈ ಅಂತೀರಿ, ರೊಟ್ಟಿ ಬಡಿಯುವಾಗ ನಾವು ಕೇಳೂದು ವಾಟ್ಸಾಪಿನ್ಯಾಗ ಬಂದದ್ದು. ಹದಿನೈದು ನಿಮಿಷದ ತುಣುಕು ಮಾಡಿ ಗ್ರೂಪಿಗೆ ಬಿಡ್ರಿ, ಕೆಳಗ ಪೂರ್ತಿ ಕಂತಿನ ಲಿಂಕ್ ಇಡ್ರಿ.

ಎಫ್‌ಡಿಎ ಅಟೆಂಪ್ಟ್ (ವಿಜಯಪುರ)

ಆ ಮ್ಯಾಲಿನ ಹಾಲ್‌ನ್ಯಾಗ ಇಯರ್‌ಫೋನ್ ಹಾಕ್ಕೊಂಡು ಕುಂತವ್ರಾಗ ನಾನೂ ಒಬ್ಬ 😅 ಸರ್ ನಿಮ್ಮ ಉಪನ್ಯಾಸ ಅದಾವ ಅಂತ ಖರೇನೂ ಗೊತ್ತಿಲ್ರಿ, ಬೋರ್ಡ್ ಕೆಳಗ ನೋಟಿಸ್ ಹಚ್ತೀರಿ, ನಾವ್ ಸೈಡಿನ ಮೆಟ್ಟಲಾ ಹತ್ತಿ ಹೋಗ್ತೀವಿ. ಪ್ರತಿ ಟೇಬಲ್ ಮ್ಯಾಲ ಒಂದು ಕ್ಯುಆರ್ ಕೋಡ್ ಅಂಟಿಸ್ರಿ, ಊಟಕ್ಕ ಹೋಗುವಾಗ ಸ್ಕ್ಯಾನ್ ಮಾಡಿ ಕೇಳ್ತೀವಿ, ಒಂದೂವರೆ ಸ್ಪೀಡ್‌ನ್ಯಾಗ.

ಒಂದೇ ಮಾತು, ನಮಗಂತ ದಯವಿಟ್ಟು ಸಾಮಾನ್ಯ ಜ್ಞಾನದ ಕಂತು ಮಾಡಬ್ಯಾಡ್ರಿ, ಅವು ಯೂಟ್ಯೂಬ್ ತುಂಬ ಅವ, ಕೇಳಿ ಕೇಳಿ ತಲಿ ಕೆಟ್ಟದ. ಇಬ್ರಾಹಿಂ ರೋಜಾ ಕೆಲಸ ಹ್ಯಾಂಗ ಮಾಡಿದ್ರು, ತಾಜ್ ಬಾವಡಿಗೆ ನೀರು ಎಲ್ಲಿಂದ ಬರ್ತಿತ್ತು, ಇಂಥಾದ್ದು ಹೇಳ್ರಿ. ದಿನಾ ಅದರ ಮುಂದ ಹಾದು ಹೋಗ್ತೀವಿ, ಇಸ್ವಿ ಬಿಟ್ಟು ಏನೂ ಗೊತ್ತಿಲ್ಲ.

ಮಾತನ್ನ ಬರಹಕ್ಕ ಇಳಸೂದು ಬೇಕಾದ್ರ ನಾ ಸಹಾಯ ಮಾಡ್ತೀನ್ರಿ. ವಿಸ್ಪರ್ ಅಂತ ಪುಕ್ಕಟ ಸಾಫ್ಟ್‌ವೇರ್ ಕನ್ನಡ ತಗೋತದ, ಆದ್ರ ನಮ್ಮ ಕಡೆ ಮಾತಿಗೆ ಬಾಳ ತಪ್ಪು ಮಾಡ್ತದ, ಹೋಗ್ಲಿಕತ್ತಾನ ಅಂದ್ರ ಏನೋ ಬರೀತದ. ಎಐಫಾರ್‌ಭಾರತ್‌ದವ್ರ ಮಾಡೆಲ್ಲೂ ಹಚ್ಚಿ ನೋಡಬಹುದು. ಯಾವದಿದ್ರೂ ಒಬ್ಬರು ಕುಂತು ತಿದ್ದಲೇಬೇಕು, ಹೆಸರು ಊರು ಎಲ್ಲಾ ಕೆಡಸಿರ್ತದ. ಬರಹ ಇದ್ರ ಗೂಗಲ್‌ನ್ಯಾಗ ಸಿಗ್ತದ, ಕಿವಿ ಕೇಳದವ್ರೂ ಓದ್ತಾರ.

ಕಾರ್ಡ್ ಕ್ಯಾಟಲಾಗ್ (ಬೆಳಗಾವಿ)

ಅಕ್ಕಾರ ಮಾತಿಗೆ ನನ್ನ ತಕರಾರಿಲ್ಲ, ಆದ್ರ ಆಯಿ ರೆಕಾರ್ಡಿಂಗಿಗೂ ನಂಬರ್ ಬೀಳಬೇಕು! ಹೆಸರು, ಬಿಟ್ಟು ಬಂದ ಓಣಿ, ಈಗಿನ ಸೆಕ್ಟರ್ ಬರೀಲಿಲ್ಲಂದ್ರ ಇಪ್ಪತ್ತು ವರ್ಷದ ಮ್ಯಾಲ ಅದೂ ಲೇಬಲ್ ಅಳಿಸಿದ ಕ್ಯಾಸೆಟ್ ಆಗ್ತದ. ಗ್ರಿಯರ್ಸನ್ ಸಾಹೇಬರ ಭಾಷಾ ಸಮೀಕ್ಷೆ ಕಾಲಕ್ಕ, ನೂರು ವರ್ಷದ ಹಿಂದ, ನಮ್ಮ ದೇಶದ ಭಾಷಾಗಳನ್ನ ಗ್ರಾಮಫೋನ್ ತಟ್ಟಿಗೆ ಹಾಕಿದ್ರು, ಅವನ್ನ ಇವತ್ತು ಶಿಕಾಗೋ ವಿಶ್ವವಿದ್ಯಾಲಯದ ಡಿಜಿಟಲ್ ಸೌತ್ ಏಷ್ಯಾ ಲೈಬ್ರರಿಯೊಳಗ ಮನಿಯಿಂದ ಕೇಳಬಹುದು. ಯಾವ ತಟ್ಟಿ ಯಾವ ಭಾಷಾ ಅಂತ ಯಾರೋ ಕುಂತು ಬರದಿಟ್ಟಿದ್ದಕ್ಕ ತಾನೇ ಸಿಗೂದು.

ನಾಟಕದ ಮೈಕ್ (ಗುಳೇದಗುಡ್ಡ)

ಕ್ಯಾಸೆಟ್ ಬಗ್ಗಿ ಯಾರೂ ಕೆಲಸದ ಮಾತು ಹೇಳ್ಲಿಲ್ಲ, ಹೇಳಿಬಿಡ್ತೀನಿ. ಸರ್, ಟ್ರಂಕ್ ತಗದು ಕೈಗೆ ಸಿಕ್ಕದ್ದನ್ನ ಟೇಪಿಗೆ ಹಾಕಿ ನೋಡೂದು ಮಾಡಬ್ಯಾಡ್ರಿ. ಮೊದಲ ಪ್ರತಿಯೊಂದರ ಮ್ಯಾಲಿನ ಅಂಚಿನ್ಯಾಗ ಎರಡು ಸಣ್ಣ ಪ್ಲಾಸ್ಟಿಕ್ ಚೂರು ಇರ್ತಾವ, ಅವನ್ನ ಮುರೀರಿ, ಆಗ ತಪ್ಪಿ ರೆಕಾರ್ಡ್ ಬಟನ್ ಒತ್ತಿದ್ರೂ ಅಳಿಯೂದಿಲ್ಲ. ಲೇಬಲ್ ಅರ್ಧ ಇದ್ರೂ ಅದರ ಫೋಟೋ ತಗೀರಿ, ಎರಡೂ ಬದಿ. ಬಿಳೀ ಬೂಸಲಾ ಕಂಡದ್ದನ್ನ ಬ್ಯಾರೆ ಚೀಲದಾಗ ಇಡ್ರಿ, ಅದನ್ನ ಹಚ್ಚಿದ್ರ ಹೆಡ್ಡಿಗೆ (ಟೇಪಿನಿಂದ ದನಿ ಓದೂ ಭಾಗ) ಹತ್ತಿ ಮುಂದಿನ ಕ್ಯಾಸೆಟ್ಟಿಗೂ ಹರಡತೈತಿ. ಉಳಿದವನ್ನ ಹಚ್ಚೂ ಮೊದಲ ಒಮ್ಮೆ ಈ ತುದಿಯಿಂದ ಆ ತುದಿಗೆ ಸುತ್ತಿ ತಿರುಗಿ ಸುತ್ತಬೇಕು, ವರ್ಷಗಟ್ಲೆ ಇಟ್ಟದ್ದು ಬಿಗಿ ಆಗಿ ಅಂಟಿರತೈತಿ. ಒಳಗಿನ ಸಣ್ಣ ಸ್ಪಂಜಿನ ಪ್ಯಾಡ್ ಉದುರಿತ್ತಂದ್ರ ದನಿ ಮುಸುಕು ಬರತೈತಿ, ಹಳೇ ಕೆಲಸಿಲ್ಲದ ಕ್ಯಾಸೆಟ್ಟಿಂದ ತಗದು ಹಾಕಬಹುದು.

ಮತ್ತ ಆನ್‌ಲೈನಿನ್ಯಾಗ ಸಿಗೂ ಅಗ್ಗದ ಯುಎಸ್‌ಬಿ ಕ್ಯಾಸೆಟ್ ಪ್ಲೇಯರ್ ತರಬ್ಯಾಡ್ರಿ, ಅದರ ಮೋಟರಿನ ವೇಗ ಒಂದಽ ಸಮ ಇರೂದಿಲ್ಲ, ಭಜನಿ ಅಳತೈತಿ. ಹಳೇ ಚಲೋ ಕ್ಯಾಸೆಟ್ ಡೆಕ್ (ದೊಡ್ಡ ಟೇಪ್ ಪ್ಲೇಯರ್) ಹುಡಕ್ರಿ. ಇಳಿಸುವಾಗ ಎಂಪಿ3 ಬ್ಯಾಡ, ವೇವ್ ಫೈಲ್, 48 ಕಿಲೋಹರ್ಟ್ಸ್ 24 ಬಿಟ್, ಸಂರಕ್ಷಣೆಗೆ ಕನಿಷ್ಠ ಅಷ್ಟಿರಬೇಕು ಅಂತ ಧ್ವನಿ ಆರ್ಕೈವ್‌ದವ್ರ ಅಂತಾರಾಷ್ಟ್ರೀಯ ಸಂಘ ಹೇಳತೈತಿ. ಅದನ್ನ ಕೈ ಹಚ್ಚದ ಹಂಗಽ ಇಡ್ರಿ, ಸರಸರ ಸದ್ದು ತಗಿಯೂದು, ಕತ್ತರಸೂದು ಎಲ್ಲಾ ಅದರ ಪ್ರತಿ ಮ್ಯಾಲ. 90 ನಿಮಿಷದ ಕ್ಯಾಸೆಟ್ಟಿಗೆ 90 ನಿಮಿಷಾನಽ ಬೇಕು, ಜಲ್ದಿ ಮಾಡೂ ದಾರಿ ಇಲ್ಲ, ಯಾರರೆ ಕುಂತು ಕೇಳಬೇಕು.

ಗುಮ್ಮಟದ ಓದುಗ (ವಿಜಯಪುರ)

ಎಲ್ಲಾರಿಗೂ ಮತ್ತೊಮ್ಮೆ ಶರಣು. ಇವತ್ತ ಸಂಜಿಕ ಬಳಗದವ್ರು ಕೂಡಿದ್ವಿ. ಒಪ್ಪಿಗಿ ಹಾಳಿ ಬರೀಲಿಕ್ಕ ಒಬ್ಬರು ಒಪ್ಪ್ಯಾರ, ಬರದ ಮ್ಯಾಲ ಇಲ್ಲಿ ಹಾಕ್ತೀವಿ, ಕರಿಕೋಟು ಸರ್ ಒಮ್ಮೆ ಕಣ್ಣಾಡಸ್ರಿ. ಆಶ್ರಮಕ್ಕ ಹೋಗಿ ಕೇಳೂ ಕೆಲಸ ಆ ವಾದ ಮಾಡಿದ ಹಿರೇರಿಗೇ ಹಚ್ಚೀವಿ 😄 ಎಫ್‌ಡಿಎ ತಮ್ಮಾ, ನೀ ಮೆಟ್ಟಲಾ ಇಳದು ಕೆಳಗ ಬಾ, ತಾಜ್ ಬಾವಡಿ ಕಂತಿಗೆ ಪ್ರಶ್ನಿ ಕೇಳವ್ನು ನೀನೇ. ಅಕ್ಕಾರ, ಮುಳುಗಡಿ ಹಳ್ಳಿ ಮಾತು ನಮ್ಮಲ್ಲಿ ಎಲ್ಲಾರಿಗೂ ಹಿಡಿಸ್ಯದ, ಆದ್ರ ಉಪನ್ಯಾಸದ ಕೆಲಸ ಮೊದಲ ಮುಗಸೋಣ ಅನ್ನವ್ರೂ ಅದಾರ, ಅದಿನ್ನೂ ತೀರ್ಮಾನ ಆಗಿಲ್ಲ.

ಈಗ ಸದ್ಯಕ್ಕ ಒಂದ್ ಚಲೋ ಕ್ಯಾಸೆಟ್ ಡೆಕ್ ಬೇಕಾಗ್ಯದ. ವಿಜಯಪುರ, ಬಾಗಲಕೋಟೆ ಕಡೆ ಯಾರ ಮನಿಯಾಗರೆ ಅದ ಏನ್ರಿ?

ನಾಟಕದ ಮೈಕ್ (ಗುಳೇದಗುಡ್ಡ)

ನನ್ನ ಹತ್ರ ಒಂದು ಹಳೇ ಸೋನಿ ಐತ್ರಿ, ಬೆಲ್ಟ್ ಹೊಸಾದು ಹಾಕಿಸೀನಿ. ಜಾತ್ರಿ ಸೀಜನ್ ಮುಗಿಯೂತನಕ ಬರಾಕ ಆಗೂದಿಲ್ಲ, ಆಮ್ಯಾಲ ಯಾವ ಐತವಾರ ಆದ್ರೂ ತರ್ತೀನಿ. ಅಷ್ಟೊತ್ತಿಗೆ ಚೂರು ಮುರದು, ಫೋಟೋ ತಗದು ನಂಬರ್ ಹಾಕಿ ಇಟ್ಟಿರ್ರಿ, ಮತ್ತ ಮೆಡಿಕಲ್ ಅಂಗಡಿಯಾಗ ಐಸೊಪ್ರೊಪೈಲ್ ಆಲ್ಕೋಹಾಲ್ ಒಂದ್ ಬಾಟ್ಲಿ, ಕಿವಿಗೆ ಹಾಕೂ ಹತ್ತಿ ಕಡ್ಡಿ ಒಂದ್ ಪಾಕೀಟ್ ತಂದಿಡ್ರಿ, ಹೆಡ್ ಒರಸಾಕ.